ದಂಡಾವತಿಯ ದಡದಲ್ಲಿ ಮೂರು ರಾತ್ರಿ

ದೇಶಸಂಚಾರ ಮಾಡಿ ಬಂದವರು ತಾವು ಕಂಡ ದೇವಾಲಯ, ಕೋಟೆ, ಜಲಪಾತಗಳನ್ನು ವರ್ಣಿಸುವುದು ವಾಡಿಕೆ. ರಾತ್ರಿ ಎಲ್ಲಿ ಮಲಗಿದರು, ಯಾರ ಕೈಯ ಅನ್ನವನ್ನು ಉಂಡರು ಎಂಬುದನ್ನು ಬರೆಯುವವರು ಕಡಮೆ. ಆದರೆ ಪ್ರವಾಸಿಯ ಸುಖದುಃಖಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಎರಡರ ಮೇಲೆಯೇ ನಿಂತಿರುತ್ತದೆ. ಹೊಟ್ಟೆ ತುಂಬಿ ನಿದ್ರೆ ಬಂದವನಿಗೆ ಮುರುಕು ಗುಡಿಯೂ ರಮ್ಯವಾಗಿ ಕಾಣುವುದು. ಹಸಿದು ರಾತ್ರಿಯೆಲ್ಲ ತಿಗಣೆ ಕಚ್ಚಿಸಿಕೊಂಡವನಿಗೆ ಬೇಲೂರು ಕೂಡ ಬರಿಯ ಕಲ್ಲು. ಆದಕಾರಣ ಶಿಕಾರಿಪುರ, ಸೊರಬ ಸೀಮೆಗಳಲ್ಲಿ ನಾವು ಮಾಡಿದ ಸಣ್ಣದೊಂದು ಪ್ರವಾಸದ ಈ ವೃತ್ತಾಂತದಲ್ಲಿ ತಂಗಿದ ಮನೆಯ ವಿಚಾರವನ್ನೇ ಮುಖ್ಯವಾಗಿ ಹೇಳಬೇಕೆಂದಿದ್ದೇವೆ. ಆ ಮನೆಯಲ್ಲಿ ನಮ್ಮ ಮುಂದೆ ಬಂದ ಒಂದು ಪ್ರಶ್ನೆಗೆ ನಾವು ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಹೋದೆವು. ವಾಚಕರಲ್ಲಿ ಯಾರಿಗಾದರೂ ಹೊಳೆದರೆ ಹೊಳೆಯಲಿ ಎಂಬುದೂ ಇದನ್ನು ಬರೆಯುವುದಕ್ಕೆ ಒಂದು ಕಾರಣ.

ಆಶ್ವಯುಜ ಶುದ್ಧ ದ್ವಾದಶಿಯ ಬೆಳಗ್ಗೆ ನಾವೂ ನಮ್ಮ ಗೃಹಿಣಿಯೂ ಶಿವಮೊಗ್ಗೆಯಲ್ಲಿ ಬಸ್ಸನ್ನು ಹತ್ತಿದೆವು. ಅಲ್ಲಿಂದ ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ದಾರಿ. ಮಳೆ ಬಿಟ್ಟು ಬಿಸಿಲು ಹದವಾಗಿದ್ದಿತು. ಎರಡು ಕಡೆಯೂ ಮೆಕ್ಕೆಜೋಳದ ಹೊಲಗಳು, ನಡುನಡುವೆ ಭತ್ತದ ಗದ್ದೆಗಳು, ಅಲ್ಲಲ್ಲಿ ಈಚೆಗೆ ಎಬ್ಬಿಸಿದ ಅಡಕೆಯ ತೋಟಗಳು. ಇದೇ ತಾಲ್ಲೂಕಿನ ಈಸೂರು ೧೯೪೨ರಲ್ಲಿ ತಾನು ಸ್ವತಂತ್ರವೆಂದು ಸಾರಿ, ಮರುವರ್ಷ ತನ್ನ ಮಕ್ಕಳಲ್ಲಿ ಐವರನ್ನು ಗಲ್ಲಿಗೆ ಒಪ್ಪಿಸಿದ ಹಳ್ಳಿ. ಅದನ್ನು ನೆನೆದು ಬಸ್ಸಿನಲ್ಲಿ ಕುಳಿತಲ್ಲಿಯೇ ಕೈಮುಗಿದೆವು.

ಶಿಕಾರಿಪುರವು ಕುಮುದ್ವತಿಯ ದಡದ ಊರು. ಹುಚ್ಚರಾಯಸ್ವಾಮಿಯೆಂದು ಪ್ರಸಿದ್ಧನಾದ ಆಂಜನೇಯನ ದರ್ಶನವನ್ನು ಮಾಡಿ, ಅವನ ಹೆಸರಿನದೇ ಆದ ದೊಡ್ಡ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ಈ ಊರಿಗೆ ಮೊದಲು ಮಳಿಯನಹಳ್ಳಿ ಎಂದೂ, ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರ ಎಂದೂ ಹೆಸರಿದ್ದು, ಮುಂದೆ ಹೈದರ್ ಟಿಪ್ಪುಗಳ ಕಾಲದಲ್ಲಿ ಇಲ್ಲಿ ಬೇಟೆಗೆ ಮೃಗಗಳು ಹೇರಳವಾಗಿ ದೊರೆಯುತ್ತಿದ್ದುದರಿಂದ ಶಿಕಾರಿಪುರವಾಯಿತೆಂದು ಪ್ರತೀತಿ. ದಾನದ ಹೆಸರು ಹೋಗಿ ಬೇಟೆಯ ಹೆಸರು ನಿಂತದ್ದು ನಮಗೆ ಸ್ವಲ್ಪ ವಿಷಾದವನ್ನುಂಟುಮಾಡಿತು. ಆದರೆ ಕೆರೆಯ ಏರಿಯ ಮೇಲೆ ಮಂಡಕ್ಕಿ ಮಾರುತ್ತಿದ್ದ ಮುದುಕನು ಕೇಳದೆಯೇ ಇನ್ನೊಂದು ಹಿಡಿ ಹಾಕಿ ಕೊಟ್ಟುದರಿಂದ, ಹೆಸರು ಹೋದರೂ ಗುಣವು ಪೂರ್ತಿ ಹೋಗಿಲ್ಲವೆಂದು ಸಮಾಧಾನಪಟ್ಟೆವು.

ಶಿರಾಳಕೊಪ್ಪದಲ್ಲಿ ಬಸ್ಸನ್ನು ಬದಲಾಯಿಸಿ ಸೊರಬದ ದಾರಿ ಹಿಡಿದ ಮೇಲೆ ಭೂಮಿಯ ಬಣ್ಣವೇ ಬೇರೆ. ಇದು ಬಯಲುಸೀಮೆಯೂ ಮಲೆನಾಡೂ ಒಂದರ ಕೈಯನ್ನೊಂದು ಹಿಡಿದ ಅರೆಮಲೆನಾಡು. ಗದ್ದೆಗಳ ಬಯಲಿನ ನಡುವೆ ಇದ್ದಕ್ಕಿದ್ದಂತೆ ಕಪ್ಪಗೆ ದಟ್ಟವಾಗಿ ಎದ್ದು ನಿಂತ ಕಾಡಿನ ತುಂಡುಗಳು ಕಾಣುತ್ತವೆ. ಇವನ್ನು ಇಲ್ಲಿನವರು ‘ಕಾನು’ ಎನ್ನುವರು. ಬಗನಿಯ ಮರ, ಕಾಡುಮೆಣಸಿನ ಬಳ್ಳಿ, ವರ್ಷಪೂರ್ತಿ ಆರದ ತಂಪು, ಒಳಗೆಲ್ಲಿಯೋ ಒಂದು ದೇವರ ಕಲ್ಲು, ಇವು ಕಾನಿನ ಲಕ್ಷಣ. ಕಾನಿನ ಬುಡದಲ್ಲಿ ಒಸರುವ ನೀರಿನಿಂದಲೇ ಕೆಳಗಿನ ಗದ್ದೆಗಳು ಬದುಕಿವೆ. ಅದನ್ನು ಅರಿತೇ ಹಿಂದಿನವರು ಅಲ್ಲಿ ದೇವರನ್ನಿಟ್ಟು ಕೊಡಲಿಯನ್ನು ದೂರವಿಟ್ಟರೆಂದು ತೋರುತ್ತದೆ.

ಸಾಯಂಕಾಲ ಐದು ಘಂಟೆಗೆ ಸೊರಬವನ್ನು ತಲಪಿದೆವು. ನಾವು ಇಳಿದುಕೊಳ್ಳಬೇಕಾಗಿದ್ದ ಮನೆ ಪೇಟೆಗೆ ಕೂಗಳತೆಯಲ್ಲಿ ದಂಡಾವತಿಯ ದಡದ ಮೇಲಿದೆ. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚು, ಮುಂದೆ ಉದ್ದನೆಯ ಜಗಲಿ, ಅಡಕೆ ಒಣಗಿಸುವ ಅಂಗಳ, ಹಿಂದೆ ಹೊಳೆಗೆ ಇಳಿಯುವ ಹನ್ನೆರಡು ಮೆಟ್ಟಿಲು. ಮನೆಯ ಯಜಮಾನನು ನಲವತ್ತರ ಆಚೀಚಿನ ಪ್ರಾಯದವನು. ಕೆಲವು ವರ್ಷ ಬೆಂಗಳೂರಿನಲ್ಲಿ ನೌಕರಿ ಮಾಡಿ, ತಂದೆಯು ತೀರಿಕೊಂಡ ಮೇಲೆ ಊರಿಗೆ ಹಿಂದಿರುಗಿ, ಹಳೆಯ ಮನೆಯ ನಾಲ್ಕು ಕೋಣೆಗಳನ್ನು ದುರಸ್ತು ಮಾಡಿಸಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾನೆ. ಮನೆಯಲ್ಲಿ ಅವನ ಹೆಂಡತಿ, ಶಾಲೆಗೆ ಹೋಗುವ ಮಗಳು, ಎಪ್ಪತ್ತೈದು ವರ್ಷದ ತಾಯಿ.

ಇಲ್ಲಿ ಒಂದು ತಪ್ಪೊಪ್ಪಿಗೆ. ಕೋಣೆಗೆ ದಿನವೊಂದಕ್ಕೆ ೮೦೦ ರೂಪಾಯಿಯೆಂದು ಆತನು ಮೊದಲೇ ಫೋನಿನಲ್ಲಿ ತಿಳಿಸಿದ್ದನು. ಹಳ್ಳಿಗಾಡಿನಲ್ಲಿ ಇಷ್ಟೇಕೆಂದು ನಾವು ಜಗಲಿಯಲ್ಲಿ ನಿಂತು ಚೌಕಾಶಿಗೆ ಆರಂಭಿಸಿದೆವು. ಆತನು ಹೆಚ್ಚು ಮಾತಾಡದೆ, “ಆಗಲಿ ಸಾರ್, ಏಳುನೂರು ಕೊಡಿ” ಎಂದನು. ಮೂರು ದಿನಕ್ಕೆ ಮುನ್ನೂರು ರೂಪಾಯಿ ಉಳಿಸಿದೆವೆಂದು ನಾವು ಬೀಗಿದೆವು. ಗೃಹಿಣಿಯು ಮಾತ್ರ ಏನನ್ನೂ ಹೇಳದೆ ಚೀಲವನ್ನೆತ್ತಿಕೊಂಡು ಒಳಕ್ಕೆ ಹೋದಳು. ಮೂವತ್ತೈದು ವರ್ಷ ಸಂಸಾರ ಮಾಡಿದವರಿಗೆ ಆ ಮೌನದ ಅರ್ಥವನ್ನು ವಿವರಿಸಬೇಕಾಗಿಲ್ಲ.

ರಾತ್ರಿಯ ಊಟಕ್ಕೆ ಕೆಂಪಕ್ಕಿಯ ಅನ್ನ, ಒಂದೆಲಗದ ತಂಬುಳಿ, ಕೆಸುವಿನ ದಂಟಿನ ಹುಳಿ, ಅಕ್ಕಿರೊಟ್ಟಿ, ಗಟ್ಟಿ ಮೊಸರು, ಅಪ್ಪೆಮಿಡಿಯ ಉಪ್ಪಿನಕಾಯಿ. ಬಡಿಸಿದಾಕೆ ಆ ವೃದ್ಧೆ. ‘ಸಾಕು’ ಎಂಬ ಶಬ್ದವು ಆಕೆಯ ಕಿವಿಗೆ ಬೀಳುವಂತೆ ತೋರಲಿಲ್ಲ. ಉಂಡ ಬಳಿಕ ಹಿಂದಿನ ಮೆಟ್ಟಿಲ ಮೇಲೆ ಕುಳಿತೆವು. ದ್ವಾದಶಿಯ ಚಂದ್ರನು ಹೊಳೆಯ ಮೇಲೆ ಬಂದಿದ್ದನು. ದಂಡಾವತಿಯು ದೊಡ್ಡ ನದಿಯೇನೂ ಅಲ್ಲ. ಬೇಸಗೆಯಲ್ಲಿ ಮೊಳಕಾಲುದ್ದಕ್ಕೆ ಇಳಿದುಹೋಗುವ ಹೊಳೆ. ಆದರೆ ಮಳೆಗಾಲದ ನೀರು ಇನ್ನೂ ಇಳಿಯದೆ ಇದ್ದುದರಿಂದ ದಡ ತುಂಬಿ, ಸದ್ದು ಮಾಡದೆ ಹರಿಯುತ್ತಿದ್ದಿತು. ಇದು ವರದೆಯನ್ನು ಸೇರುವುದು. ವರದೆ ತುಂಗಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು. ನಮ್ಮ ಕಾಲ ಕೆಳಗಿನ ನೀರು ಪೂರ್ವಸಮುದ್ರಕ್ಕೆ ಹೋಗತಕ್ಕದ್ದೆಂದು ನೆನೆದು, ಬಹಳ ದಿನಗಳ ಮೇಲೆ ಮನಸ್ಸು ನಿಶ್ಚಿಂತವಾಯಿತು.

ಮರುದಿನ ಊರನ್ನು ನೋಡಿದೆವು. ಸೊರಬಕ್ಕೆ ಸುರಭಿಪುರವೆಂಬ ಹೆಸರಿದ್ದಿತು. ಸುರಭಿಯೆಂಬ ಹಸುವು ಯಾರ ಅಪ್ಪಣೆಯೂ ಇಲ್ಲದೆ ರಂಗನಾಥನ ಮೂರ್ತಿಯ ಮೇಲೆ ಹಾಲು ಕರೆಯುತ್ತಿದ್ದಿತೆಂದು ಸ್ಥಳಪುರಾಣ. ರಂಗನಾಥನಿಗೆ ನಮಸ್ಕಾರ ಮಾಡಿ ಗುಡಿಗಾರರ ಕೆಲಸವನ್ನು ನೋಡಲು ಹೋದೆವು. ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಲೋಕಪ್ರಸಿದ್ಧರು. ಅಂಗೈಯಗಲದ ಪೆಟ್ಟಿಗೆಯ ಮುಚ್ಚಳದಲ್ಲಿ ಬಳ್ಳಿ, ಎಲೆ, ಹಕ್ಕಿ, ಸಿಂಹಗಳನ್ನು ತುಂಬಿ, ಎಳ್ಳು ಕಾಳಿನಷ್ಟು ಜಾಗವನ್ನೂ ಬರಿದಾಗಿ ಬಿಡುವುದಿಲ್ಲ. ಗಂಧದ ಮರವು ದುರ್ಲಭವಾಗಿ ಬೆಲೆ ಕೈಗೆ ಸಿಕ್ಕದಂತಾಗಿರುವುದು ಅವರ ದೊಡ್ಡ ಕಷ್ಟ. ಅಂದು ಸಂತೆಯ ದಿನವಾಗಿದ್ದಿತು. ಶುಂಠಿ, ಅನಾನಸು, ಬಾಳೆ, ಬುಟ್ಟಿ, ಮೊರ, ಕತ್ತಿ, ಕುಡುಗೋಲುಗಳ ನಡುವೆ ಹೆಂಗಸರು ಅಮಟೆಕಾಯಿ, ಹಾಗಲ, ಹೀರೆ, ಬಗೆಬಗೆಯ ಸೊಪ್ಪುಗಳನ್ನು ಮುಗಿಬಿದ್ದು ಕೊಳ್ಳುತ್ತಿದ್ದರು. ಕಾರಣವೇನೆಂದು ಕೇಳಲು, ಇನ್ನೆರಡು ದಿನಕ್ಕೆ ಭೂಮಿ ಹುಣ್ಣಿಮೆಯೆಂದು ತಿಳಿಯಿತು.

ಮಧ್ಯಾಹ್ನ ಊಟವಾದ ಮೇಲೆ ನಾವು ಯಜಮಾನನನ್ನು ಕರೆದು, ಮೂರು ಹೊತ್ತಿನ ಊಟದ ಲೆಕ್ಕವನ್ನು ಬೇರೆಯಾಗಿ ಬರೆದಿಡುವಂತೆ ಹೇಳಿದೆವು. ಆತನು ತುಸು ಸಂಕೋಚದಿಂದ, “ಊಟಕ್ಕೆ ಲೆಕ್ಕ ಇಲ್ಲ ಸಾರ್” ಎಂದನು. ಬಾಡಿಗೆಯಲ್ಲಿಯೇ ಸೇರಿದೆಯೋ ಎಂದರೆ ಅದೂ ಅಲ್ಲ. ಆಮೇಲೆ ಮೆಟ್ಟಿಲ ಮೇಲೆ ನಮ್ಮ ಪಕ್ಕದಲ್ಲಿ ಕುಳಿತು ನಿಜವನ್ನು ಹೇಳಿದನು.

ಕೋಣೆಗೆ ಬಾಡಿಗೆ ತೆಗೆದುಕೊಳ್ಳುವುದಕ್ಕೆ ತಾಯಿಯು ಕಷ್ಟಪಟ್ಟು ಒಪ್ಪಿದ್ದಾಳೆ. ಗೋಡೆಗೂ ಹೆಂಚಿಗೂ ಖರ್ಚುಂಟು, ಅದಕ್ಕೆ ಬಾಡಿಗೆ ಸರಿ. ಆದರೆ ಅನ್ನಕ್ಕೆ ಒಂದು ಕಾಸನ್ನೂ ಮುಟ್ಟಕೂಡದೆಂದು ಆಕೆಯ ಹಟ. ದಸರೆಯ ರಜೆಯಲ್ಲಿ ಹತ್ತು ಜನರ ಒಂದು ಪರಿವಾರವು ಬಂದು, ಮೂರು ದಿನ ಮೂರು ಹೊತ್ತೂ ಉಂಡು, ಎರಡು ಕೋಣೆಯ ಬಾಡಿಗೆಯನ್ನು ಕೊಟ್ಟು, ಬಾಯಿತುಂಬ ಹೊಗಳಿ ಹೋಯಿತಂತೆ. ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಎರಡು ವರ್ಷದಿಂದ ಅಡಕೆಯ ಫಸಲು ಅರ್ಧಕ್ಕೆ ಇಳಿದಿದೆ. ನಗರದಲ್ಲಿರುವ ಅಣ್ಣನು ಮನೆಯನ್ನೂ ಹೊಳೆಯಂಚಿನ ಜಾಗವನ್ನೂ ಮಾರಿ ಪಾಲು ಹಂಚಿಕೊಳ್ಳೋಣವೆಂದು ಒತ್ತಾಯಿಸುತ್ತಿದ್ದಾನೆ. ಮನೆಯು ತನ್ನ ಖರ್ಚನ್ನು ತಾನೇ ದುಡಿದರೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

“ಮೇಷ್ಟ್ರೇ, ನೀವು ಸಂಸ್ಕೃತ ಓದಿದವರು. ಊಟಕ್ಕೆ ದುಡ್ಡು ತೆಗೆದುಕೊಂಡರೆ ದೋಷವಿಲ್ಲ ಅಂತ ಅವ್ವನಿಗೆ ಒಂದು ಮಾತು ಹೇಳಿ. ನನ್ನ ಮಾತು ನಡೆಯುವುದಿಲ್ಲ. ಶಾಸ್ತ್ರದ ಮಾತಾದರೆ ಕೇಳುತ್ತಾಳೆ” ಎಂದು ಆತನು ಕೈಮುಗಿದನು.

ನಾವು ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಟ್ಟವರೇ ಹೊರತು ಧರ್ಮನಿರ್ಣಯ ಮಾಡತಕ್ಕವರಲ್ಲ. ಆದರೂ ಹಿಂದಿನ ದಿನ ನೂರು ರೂಪಾಯಿಗಾಗಿ ಬಾಯಿ ಮಾಡಿದ್ದು ನೆನಪಾಗಿ, ಇಲ್ಲವೆನ್ನುವುದಕ್ಕೆ ಮುಖವಿರಲಿಲ್ಲ. ಒಂದು ದಿನ ಅವಕಾಶ ಕೊಡು, ಯೋಚಿಸಿ ಹೇಳುತ್ತೇವೆ ಎಂದೆವು. ರಾತ್ರಿ ನಿದ್ರೆ ಬೇಗನೆ ಬರಲಿಲ್ಲ. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಮನುವಿನ ಮತ. ಆ ಲೆಕ್ಕದಲ್ಲಿ ನಾವು ಆಗಲೇ ಅತಿಥಿತ್ವವನ್ನು ಕಳೆದುಕೊಂಡಿದ್ದೆವು. ಅದೇ ಮನುವು ಆಪತ್ಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣನು ಮಾರಬಾರದ ಪದಾರ್ಥಗಳಲ್ಲಿ ಬೇಯಿಸಿದ ಅನ್ನವನ್ನೂ ಎಣಿಸಿದ್ದಾನೆ. ಆದರೆ ಆ ನಿಷೇಧವು ಗದ್ದೆ ಉತ್ತು ಬದುಕುವ ಈ ಮನೆಯವರಿಗೆ ಹೇಗೆ ಅನ್ವಯಿಸೀತು? ಹೀಗೆ ಯೋಚಿಸುತ್ತ ಹೊಳೆಯ ಕಡೆಯ ಕಿಟಕಿಯಲ್ಲಿ ಬಹಳ ಹೊತ್ತು ಕುಳಿತಿದ್ದೆವು.

ಮೂರನೆಯ ದಿನ ಶಿರಾಳಕೊಪ್ಪದ ಸಮೀಪದಲ್ಲಿರುವ ತಾಳಗುಂದ, ಬಳ್ಳಿಗಾವೆಗಳಿಗೆ ಹೋದೆವು. ಪ್ರವಾಸದ ಉದ್ದೇಶವೇ ಈ ಎರಡು ಊರುಗಳಾಗಿದ್ದುವು. ಈಗಲಾದರೋ ನಮ್ಮ ಪ್ರಶ್ನೆಯನ್ನೂ ಕಂಕುಳಲ್ಲಿಟ್ಟುಕೊಂಡು ಹೋದಂತಾಯಿತು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಪ್ರಸಿದ್ಧವಾದ ಸ್ತಂಭಶಾಸನವಿದೆ. ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿಯು ಸಂಸ್ಕೃತ ಪದ್ಯಗಳಲ್ಲಿ ಇದನ್ನು ರಚಿಸಿದನು. ಈ ಗ್ರಾಮದ ಬ್ರಾಹ್ಮಣ ತರುಣ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನವನ್ನು ಪೂರ್ಣಗೊಳಿಸಲು ಪಲ್ಲವರ ಕಂಚಿಗೆ ಹೋದನು. ಅಲ್ಲಿ ಒಬ್ಬ ಕುದುರೆಸವಾರನೊಡನೆ ಕಲಹವಾಗಿ ಅಪಮಾನಪಟ್ಟು, ದರ್ಭೆ ಸಮಿತ್ತುಗಳನ್ನು ಹಿಡಿದಿದ್ದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಕನ್ನಡ ನಾಡಿನ ಮೊದಲ ಅರಸುಮನೆತನವು ಹೀಗೆ ಹುಟ್ಟಿತು. ಇಲ್ಲಿಯೇ ಪುರಾತತ್ವ ಇಲಾಖೆಯವರು ೨೦೧೩ರಲ್ಲಿ ಅಗೆಯಿಸಿದಾಗ ಸಿಂಹದ ಆಕೃತಿಯುಳ್ಳ ಮೆಟ್ಟಿಲ ಕಟಾಂಜನದ ಮೇಲೆ ಸಣ್ಣದೊಂದು ಶಾಸನವು ದೊರೆತು, ಅದನ್ನು ಸುಮಾರು ಕ್ರಿ. ಶ. ೩೭೦ರದೆಂದು ಅವರು ನಿರ್ಣಯಿಸಿದ್ದಾರೆ. ಅದರಲ್ಲಿ ಕನ್ನಡದ ಪದಗಳಿರುವುದರಿಂದ ಹಲ್ಮಿಡಿಯ ಶಾಸನಕ್ಕಿಂತಲೂ ಹಿಂದಿನ ಕನ್ನಡ ಇಲ್ಲಿ ಕಂಡಂತಾಯಿತು. ಕಂಬದ ಕಥೆಯನ್ನು ಕೇಳಿದ ಗೃಹಿಣಿಯು, “ಓದಲು ಬಂದ ಹುಡುಗನನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟಿದ್ದರೆ ಕಂಚಿಯವರಿಗೆ ಅರ್ಧ ರಾಜ್ಯ ಉಳಿಯುತ್ತಿತ್ತಲ್ಲ!” ಎಂದಳು. ಇತಿಹಾಸಕಾರರು ಇದನ್ನು ಒಪ್ಪುವರೋ ಇಲ್ಲವೋ ಅರಿಯೆವು; ನಾವಂತೂ ಒಪ್ಪಿದೆವು.

ಅಲ್ಲಿಂದ ಬಳ್ಳಿಗಾವೆ. ಇದು ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಪಟ್ಟಣ. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಖ್ಯಾತಿ. ಚಾಮುಂಡರಾಯರಸನು ೧೦೪೭ರಲ್ಲಿ ಎತ್ತಿಸಿದ ಭೇರುಂಡೇಶ್ವರನ ಉನ್ನತವಾದ ಕಂಬವನ್ನೂ, ತ್ರಿಪುರಾಂತಕನ ಗುಡಿಯ ಕಲ್ಲಿನ ಜಾಲಂಧ್ರಗಳನ್ನೂ ನೋಡಿಕೊಂಡು ಕೇದಾರೇಶ್ವರ ದೇವಾಲಯಕ್ಕೆ ಬಂದೆವು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠವೆಂದು ಹೆಸರಾದ ಕಾಳಾಮುಖರ ಮಠವು ಈ ದೇವಾಲಯಕ್ಕೆ ಸೇರಿದ್ದಿತು. ಇಂದು ದೇವಾಲಯ ಉಂಟು, ಮಠವಿಲ್ಲ. ಆದರೆ ಮಠದಲ್ಲಿ ಏನು ನಡೆಯುತ್ತಿದ್ದಿತೆಂಬುದನ್ನು ಬಿಜ್ಜಳನ ಕಾಲದ, ೧೧೬೨ರ ಶಾಸನವು ಹೇಳುತ್ತದೆ. ರೈಸ್ ಸಾಹೇಬರು ೧೯೦೨ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಪುಟದಿಂದ ಅದನ್ನು ಬರೆದುಕೊಂಡು ಹೋಗಿದ್ದೆವು. ಗುಡಿಯ ಜಗಲಿಯಲ್ಲಿ ಕುಳಿತು ಗೃಹಿಣಿಗೆ ಓದಿ ಹೇಳಿದೆವು.

ನಾಲ್ಕು ವೇದಗಳೂ, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣಗಳೂ, ನ್ಯಾಯ, ಸಾಂಖ್ಯ, ಮೀಮಾಂಸೆಗಳೂ, ಬೌದ್ಧದರ್ಶನವೂ, ಪುರಾಣ ಕಾವ್ಯ ನಾಟಕಗಳೂ ಅಲ್ಲಿ ಪಾಠವಾಗುತ್ತಿದ್ದುವು. ಅಷ್ಟೇ ಅಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೂ, ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರಿಗೂ, ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳು ಮೊದಲಾಗಿ ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೂ ಅದು ಅನ್ನದ ಸ್ಥಾನವಾಗಿದ್ದಿತು. ರೋಗಿಗಳಿಗೆ ಅಲ್ಲಿ ಚಿಕಿತ್ಸೆ ನಡೆಯುತ್ತಿದ್ದಿತು. ಸಕಲ ಪ್ರಾಣಿಗಳಿಗೂ ಅಲ್ಲಿ ಅಭಯ. ಕಾಳಾಮುಖರ ಮಠದಲ್ಲಿ ಜೈನ ಸಂನ್ಯಾಸಿಗೂ ತಮಟೆಯವನಿಗೂ ಒಂದೇ ಅಡಿಗೆಯ ಅನ್ನ! ಎಂಟು ನೂರು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಓದುವಾಗ ನಮ್ಮ ಕಂಠವು ಸ್ವಲ್ಪ ಗದ್ಗದವಾಯಿತು.

ಆದರೆ ನಮಗೆ ಬೇಕಾಗಿದ್ದ ಅಂಶವೂ ಅದರಲ್ಲಿಯೇ ಸಿಕ್ಕಿತು. ಈ ಕಲ್ಲು ನಿಂತಿರುವುದು ಮಠವನ್ನು ಹೊಗಳುವುದಕ್ಕಾಗಿ ಅಲ್ಲ, ಅದಕ್ಕೆ ಕೊಟ್ಟ ದತ್ತಿಯನ್ನು ಸ್ಥಿರಪಡಿಸುವುದಕ್ಕಾಗಿ. ದತ್ತಿಯ ಭೂಮಿಯಿಲ್ಲದೆ ಆ ಅನ್ನಸಂತರ್ಪಣೆಯು ನಡೆಯುವಂತಿರಲಿಲ್ಲ. ಆ ಆದಾಯವು ನಿಂತ ಬಳಿಕ ಮಠವೂ ನಿಲ್ಲಲಿಲ್ಲ. ಎಂದ ಮೇಲೆ ಆತಿಥ್ಯಕ್ಕೂ ಆದಾಯಕ್ಕೂ ವಿರೋಧವಿಲ್ಲ. ಆದಾಯವಿಲ್ಲದ ಆತಿಥ್ಯವು ಬಹುಕಾಲ ಬಾಳದು. ಉತ್ತರವು ದೊರೆಯಿತೆಂದು ಹರ್ಷಿತರಾಗಿ ಸೊರಬಕ್ಕೆ ಹಿಂದಿರುಗಿದೆವು.

ಅಂದು ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ. ಶೀಗೆ ಹುಣ್ಣಿಮೆಯೆಂದೂ ಕರೆಯುವ ಈ ದಿನ, ತೆನೆಗಟ್ಟುತ್ತಿರುವ ಭತ್ತದ ಗದ್ದೆಯನ್ನು ಬಸುರಿ ಹೆಂಗಸೆಂದು ಭಾವಿಸಿ ಬಯಕೆಯ ಊಟವನ್ನು ಬಡಿಸುವುದು ಈ ಸೀಮೆಯ ಪದ್ಧತಿ. ಹೆಂಗಸರು ರಾತ್ರಿಯೆಲ್ಲ ಅಡಿಗೆ ಮಾಡುತ್ತಾರೆ. ಅಡಿಗೆಮನೆಯ ಗೋಡೆಗೆ ಒರಗಿಸಿ ‘ಭೂಮಣ್ಣಿ ಬುಟ್ಟಿ’ಯನ್ನಿಟ್ಟಿದ್ದರು. ಇದು ದೀವರ ಹೆಣ್ಣುಮಕ್ಕಳ ಕೈಚಳಕ. ಬಿದಿರಿನ ಬುಟ್ಟಿಗೆ ಸಗಣಿ ಕೆಮ್ಮಣ್ಣುಗಳನ್ನು ಬಳಿದು, ಅಕ್ಕಿಯ ಹಿಟ್ಟಿನ ಬಿಳುಪಿನಲ್ಲಿ ನ್ಯಾರೆಯಾಗಿ ಗೆರೆ ಎಳೆದು, ತೆನೆ, ಬಳ್ಳಿ, ಎತ್ತು, ಗಾಡಿ, ಮನುಷ್ಯರನ್ನು ಬರೆದಿದ್ದರು. ಸೊಸೆಯು ಕಡುಬಿಗೆ ಹಿಟ್ಟು ಕಲಸುತ್ತಿದ್ದಳು. ವೃದ್ಧೆಯು ಮಣೆಯ ಮೇಲೆ ಕುಳಿತು ರಾಶಿ ಸೊಪ್ಪನ್ನು ಹೆಚ್ಚುತ್ತಿದ್ದಳು. ನಮ್ಮ ಗೃಹಿಣಿಯೂ ಸೇರಿಕೊಂಡು ಅಮಟೆಕಾಯಿ ಜಜ್ಜುತ್ತಿದ್ದಳು. ನಾವು ಹೊಸ್ತಿಲ ಬಳಿ ಕುಳಿತು ಪ್ರಸಂಗವನ್ನು ತೆಗೆದೆವು. ಮಗನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದನು.

ಮೊದಲು ಮನುವಿನ ಮಾತನ್ನು ವಿವರಿಸಿ, ಆ ನಿಷೇಧವು ನಿಮ್ಮಂಥವರಿಗೆ ಹೇಳಿದ್ದಲ್ಲ ಎಂದೆವು.

ಆಕೆ ಕತ್ತಿಯನ್ನು ನಿಲ್ಲಿಸಲಿಲ್ಲ. “ಅವರು ಯಾರಿಗೆ ಹೇಳಿದರೋ ನನಗೆ ಗೊತ್ತಿಲ್ಲ ಮೇಷ್ಟ್ರೇ. ನನಗೆ ಹೇಳಿದ್ದು ನಮ್ಮತ್ತೆ. ಬಡಿಸಿದ ಕೈಯನ್ನ ಚಾಚಬಾರದು ಅಂತ.”

ಆಗ ಕೋಡಿಯ ಮಠದ ಕಥೆಯನ್ನು ಸವಿಸ್ತಾರವಾಗಿ ಹೇಳಿದೆವು. ಕುರುಡರು, ಕುಂಟರು, ಕುಣಿಯುವವರ ಪಟ್ಟಿಯನ್ನು ಕೇಳಿ ಆಕೆಯ ಮುಖವರಳಿತು. ಕೊನೆಯಲ್ಲಿ ದತ್ತಿಯ ವಿಚಾರವನ್ನು ತಂದು, ಅರಸರು ಭೂಮಿ ಕೊಟ್ಟುದರಿಂದಲೇ ಅನ್ನ ನಡೆಯಿತಲ್ಲವೆ, ಅನ್ನಕ್ಕೂ ಆದಾಯ ಬೇಕಲ್ಲವೆ ಎಂದು ಮುಗಿಸಿದೆವು.

“ಬೇಕು. ಅರಸರು ಗದ್ದೆ ಕೊಟ್ಟರು, ಸರಿಯೇ. ಉಂಡು ಎದ್ದವರ ಹತ್ತಿರ ಎಲೆಗೆ ಇಷ್ಟು ಅಂತ ಇಸಕೊಂಡರು ಅಂತ ಕಲ್ಲಿನಲ್ಲಿ ಬರೆದಿದೆಯಾ?”

“ಹಾಗೆ ಬರೆದಿಲ್ಲ.”

“ಮತ್ತೆ?” ಎಂದು ಆಕೆ ಇನ್ನೊಂದು ಹಿಡಿ ಸೊಪ್ಪನ್ನೆತ್ತಿಕೊಂಡಳು. ಬಳಿಕ ಸ್ವಲ್ಪ ಮೃದುವಾಗಿ, “ಇಲ್ಲೇ ಆನವಟ್ಟಿ ಹತ್ತಿರದ ಕುಬಟೂರು ಚಂದ್ರಹಾಸನ ಕುಂತಳಪುರ ಅಂತಾರೆ. ಆಟದಲ್ಲಿ ಎಷ್ಟು ಸಲ ನೋಡಿದೀನಿ. ಕಾಗದ ತಂದ ಹುಡುಗನಿಗೆ ವಿಷ ಹಾಕಿಸಹೋದ ಮಂತ್ರಿಯ ಗತಿ ಏನಾಯಿತು? ಬಂದವರ ಎಲೆ ಅಂದರೆ ಸಣ್ಣ ಮಾತಲ್ಲ ಮೇಷ್ಟ್ರೇ. ಮಗನ ಕಷ್ಟ ನನಗೂ ಗೊತ್ತು. ಆದರೆ ಇದೊಂದನ್ನ ನನ್ನಿಂದ ಮಾಡಿಸಬೇಡಿ” ಎಂದಳು.

ವಾದದಲ್ಲಿ ನಾವು ಸೋತೆವು. ಸೋತದ್ದಕ್ಕಿಂತಲೂ, ಬಾಗಿಲ ಮರೆಯಲ್ಲಿ ನಿಂತಿದ್ದ ಮಗನು ನಿಟ್ಟುಸಿರುಬಿಟ್ಟು ಹೊರಟುಹೋದ ಸದ್ದು ನಮ್ಮನ್ನು ಹೆಚ್ಚು ನೋಯಿಸಿತು. ಇಬ್ಬರ ಮಾತೂ ಸತ್ಯವಾಗಿರುವಲ್ಲಿ ಶಾಸ್ತ್ರವು ಯಾರ ಪಕ್ಷವನ್ನು ಹಿಡಿಯಬೇಕು?

ಇನ್ನೂ ಕತ್ತಲಿರುವಾಗಲೇ ಎಬ್ಬಿಸಿದರು. ಮಗನು ಬುಟ್ಟಿಯನ್ನು ಹೊತ್ತು, ಕಂಬಳಿ ಹೊದೆದು ಮುಂದೆ ನಡೆದನು, ಮೊಮ್ಮಗಳು ದೀಪ ಹಿಡಿದಳು, ನಾವೆಲ್ಲರೂ ಹಿಂದೆ. ಹುಣ್ಣಿಮೆಯ ಚಂದ್ರನು ಪಶ್ಚಿಮದ ಕಾನಿನ ಮೇಲೆ ಇಳಿದಿದ್ದನು. ಹೊಳೆಯ ಮೇಲೆ ಮಂಜು ಕವಿದಿದ್ದಿತು. ಗದ್ದೆಯ ಅಂಚಿನಲ್ಲಿ ಪೈರಿಗೆ ಪೂಜೆ ಮಾಡಿ, ಬಗೆಬಗೆಯ ಸೊಪ್ಪು ತರಕಾರಿಗಳನ್ನು ಬೇಯಿಸಿ ಕಲಸಿದ ಚರಗವನ್ನು ಹೊಲದ ನಾಲ್ಕು ಕಡೆಗೂ ಬೀರುತ್ತ, ಭೂಮಿತಾಯಿಯನ್ನು ಕೂಗಿ ಕರೆದು ಉಣ್ಣೆಂದರು. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಬೆಳೆಯನ್ನು ತಿನ್ನುವ ಇಲಿಗೂ ಈ ದಿನ ಪಾಲುಂಟು. ಸೂರ್ಯೋದಯವಾದ ಮೇಲೆ ಬದುವಿನ ಮೇಲೆ ಬಾಳೆಯೆಲೆ ಹಾಕಿ ಕಡುಬು, ಬುತ್ತಿ, ಪಲ್ಯಗಳನ್ನು ನಮಗೂ ಬಡಿಸಿದರು. ಭೂಮಿಗೂ ಕಾಗೆಗೂ ಇಲಿಗೂ ನಮಗೂ ಬಡಿಸಿದ್ದು ಒಂದೇ ಕೈ. ಈ ಕೈಯನ್ನು ನಮ್ಮ ಮುಂದೆ ಚಾಚೆಂದು ಹಿಂದಿನ ರಾತ್ರಿ ನಾವು ಉಪದೇಶಿಸಲು ಹೋಗಿದ್ದೆವಲ್ಲ ಎಂದು ನಾಚಿಕೆಯಾಯಿತು.

ಎಲೆಯ ತುದಿಗೆ ಅಪ್ಪೆಮಿಡಿ ಬಿದ್ದಿದ್ದಿತು. ಹೊಳೆದಡದ ಮರಗಳ ಎಳೆಯ ಮಿಡಿಯನ್ನು ಉಪ್ಪಿನಲ್ಲಿ ಬಾಡಿಸಿ ಮಾಡಿದ ಈ ಉಪ್ಪಿನಕಾಯಿಯ ಪರಿಮಳವನ್ನು ವರ್ಣಿಸುವುದು ವ್ಯರ್ಥ. ನಮ್ಮ ಗೃಹಿಣಿ ಅದನ್ನು ಕಚ್ಚಿ, “ಅಮ್ಮಾ, ಊರಿಗೆ ಒಯ್ಯುವುದಕ್ಕೆ ಒಂದು ಜಾಡಿ ಕೊಡುತ್ತೀರಾ?” ಎಂದು ಕೇಳಿದಳು.

“ಅದಕ್ಕೇನು ತಂಗಿ, ಕೊಡುತ್ತೀನಿ.”

“ಬೆಲೆ ಎಷ್ಟು?”

ನಾವು ಉಸಿರು ಬಿಗಿಹಿಡಿದೆವು. ವೃದ್ಧೆಯು ಕೂಡಲೆ ಉತ್ತರ ಕೊಡಲಿಲ್ಲ. ಬದುವಿನ ಹುಲ್ಲನ್ನು ನೋಡುತ್ತ ಲೆಕ್ಕ ಹಾಕಿದಂತೆ ತೋರಿತು. ಆಮೇಲೆ ಹೇಳಿದಳು: “ಮಿಡಿ ಸಂತೆಯಲ್ಲಿ ಕೊಂಡಿದ್ದು. ಮೆಣಸಿನಕಾಯಿ, ಸಾಸಿವೆ ಕೊಂಡಿದ್ದು. ಎಲೆ ಮೇಲಿನ ಅನ್ನ ಬೇರೆ, ಮನೆಗೆ ಒಯ್ಯುವ ಸರಕು ಬೇರೆ. ನಾನೂರು ಕೊಡು.”

“ಹಾಗಾದರೆ ಬಂದವರಿಗೆಲ್ಲ ಕೊಡಬಹುದಲ್ಲ! ಹಪ್ಪಳ, ಸಂಡಿಗೆ, ಜೋನಿಬೆಲ್ಲ ಎಲ್ಲ ಇಡಿ. ಊಟ ಮಾಡಿ ಎದ್ದವರು ಬರಿಗೈಯಲ್ಲಿ ಹೋಗುತ್ತಾರಾ?” ಎಂದಳು ಗೃಹಿಣಿ.

ವೃದ್ಧೆಯು, “ಅದು ಆಗಬಹುದು” ಎಂದಳು. ಮಗನು ತಲೆಯೆತ್ತಿ ತಾಯಿಯ ಮುಖವನ್ನು ನೋಡಿದನು. ಮನುವು ಅನ್ನವನ್ನು ನಿಷೇಧಿಸಿದ ಆ ಶ್ಲೋಕದಲ್ಲಿಯೇ ಉಪ್ಪನ್ನೂ ರಸಪದಾರ್ಥಗಳನ್ನೂ ನಿಷೇಧಿಸಿದ್ದಾನೆಂಬುದು ನಮಗೆ ನೆನಪಿಗೆ ಬಂದಿತು. ಬಾಯಿ ಬಿಡಲಿಲ್ಲ. ಪಾಂಡಿತ್ಯವು ಮೌನದಿಂದ ಮಾಡಬಹುದಾದ ಉಪಕಾರವೂ ಒಂದುಂಟು.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಯಜಮಾನನು ೨,೧೦೦ ರೂಪಾಯಿಗೆ ಚೀಟಿ ಬರೆದು ಕೊಟ್ಟನು. ನಾವು ೨,೪೦೦ ಎಣಿಸಿ ಕೊಟ್ಟು, ಜಗಲಿಯಲ್ಲಿ ಆಡಿದ ಮಾತನ್ನು ಮರೆತುಬಿಡುವಂತೆ ಹೇಳಿದೆವು. ಗೃಹಿಣಿಯು ಉಪ್ಪಿನಕಾಯಿಯ ನಾನೂರನ್ನು ವೃದ್ಧೆಯ ಕೈಯಲ್ಲಿಯೇ ಇಟ್ಟಳು. ಆಕೆ ನೋಟುಗಳನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ದಾರಿಗೆಂದು ಬಾಳೆಯೆಲೆಯಲ್ಲಿ ಕಡುಬು ಕಟ್ಟಿಕೊಟ್ಟಳು. ಅದಕ್ಕೆ ಬೆಲೆಯಿರಲಿಲ್ಲ.

ಉಪ್ಪಿನಕಾಯಿಯ ಜಾಡಿಗಳು ಎಲೆಚುಕ್ಕೆಯ ನಷ್ಟವನ್ನು ತುಂಬಿಯಾವೆ, ಹೊಳೆಯಂಚಿನ ಆ ಮನೆ ಉಳಿದೀತೆ ಎಂಬುದು ಬೇರೆಯ ಪ್ರಶ್ನೆ. ನಾಲ್ಕು ಕೋಣೆಯ ಬಾಡಿಗೆ, ಹತ್ತು ಜಾಡಿ ಮಿಡಿ, ಅರ್ಧ ಫಸಲಿನ ತೋಟ ಇವುಗಳ ಮೇಲೆ ಒಂದು ಮನೆಯು ಎಷ್ಟು ವರ್ಷ ನಿಲ್ಲಬಲ್ಲುದು? ಅಣ್ಣನ ಒತ್ತಾಯವೂ ನಿಂತಿಲ್ಲ. ಆದಕಾರಣ ಆ ಸೀಮೆಗೆ ಹೋಗುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತಾಳಗುಂದ ಬಳ್ಳಿಗಾವೆಗಳನ್ನು ಅವಶ್ಯವಾಗಿ ನೋಡಿ. ರಾತ್ರಿ ಇಂಥ ಮನೆಗಳಲ್ಲಿ ತಂಗಿ. ಕೇಳಿದ ಬಾಡಿಗೆಯನ್ನು ಕೇಳಿದಷ್ಟೇ ಕೊಡಿ. ಊಟದ ಬೆಲೆಯನ್ನು ಅವರು ಹೇಳಿದರೆ ಸಂತೋಷದಿಂದ ಕೊಡಿ. ಹೇಳದಿದ್ದರೆ ಕೇಳಬೇಡಿ, ಆದರೆ ಉಂಡು ಸುಮ್ಮನೆ ಎದ್ದು ಬರಬೇಡಿ. ಮನೆಯಲ್ಲಿ ಒಯ್ಯುವಂಥದು ಏನಿದೆಯೆಂದು ವಿಚಾರಿಸಿ.

ನಮ್ಮ ಜಾಡಿಯು ಅರ್ಧಕ್ಕೆ ಬಂದಿದೆ. ಅದು ಮುಗಿಯುವುದರೊಳಗೆ ಇನ್ನೊಮ್ಮೆ ಹೋಗಬೇಕೆಂದು ಗೃಹಿಣಿಯ ಅಪ್ಪಣೆಯಾಗಿದೆ.